ಬೆಕ್ಕಿನ ಆತ್ಮಕಥೆಯೂ ವಾಚಕರ ಮತಭೇದವೂ

ಜಪಾನೀಯರ ನವೀನ ಗದ್ಯಸಾಹಿತ್ಯದಲ್ಲಿ ಅಗ್ರಗಣ್ಯನೆನಿಸಿದ ನತ್ಸುಮೆ ಸೊಸೆಕಿಯ (1867–1916) ಮೊದಲನೆಯ ಕಾದಂಬರಿಯು ಒಂದು ಬೆಕ್ಕು ತಾನೇ ಹೇಳಿಕೊಂಡ ಕಥೆ. ಇದರ ವಿಷಯದಲ್ಲಿ ವಾಚಕರ ಅಭಿಪ್ರಾಯವು ಏಕರೂಪವಾಗಿಲ್ಲ. ಹಾಸ್ಯಕ್ಕೆ ಇದೇ ಮೇಲ್ಪಂಕ್ತಿಯೆಂದು ಕೆಲವರು ಹೊಗಳುತ್ತಾರೆ. ಕಥೆಯೇ ಇಲ್ಲದ ಹರಟೆಯೆಂದು ಕೆಲವರು ನಡುವೆಯೇ ಕೈಬಿಡುತ್ತಾರೆ. ಅದೇ ಗ್ರಂಥಕರ್ತನ ‘ಕೊಕೊರೊ’ (1914) ಎಂಬ ಪ್ರೌಢಕೃತಿಯ ಗಾಂಭೀರ್ಯಕ್ಕೆ ಮನಸೋತು ಆಮೇಲೆ ಇದನ್ನು ಕೈಗೆತ್ತಿಕೊಂಡವರು ಎರಡನೆಯ ಪಕ್ಷವನ್ನು ಸೇರಿದರೆ ಆಶ್ಚರ್ಯವಿಲ್ಲ. ಈ ಭೇದಕ್ಕೆ ಕಾರಣವು ವಿಚಾರಾರ್ಹವಾದುದು.

ವಸ್ತುಬಂಧವು ಶಿಥಿಲವೆಂಬ ಪೂರ್ವಪಕ್ಷವು ಸುಳ್ಳಲ್ಲ. ಟೋಕಿಯೋದಲ್ಲಿ ಇಂಗ್ಲಿಷ್ ಅಧ್ಯಾಪಕನಾಗಿದ್ದ ಸೊಸೆಕಿಯು 1905ನೆಯ ಜನವರಿಯಲ್ಲಿ ‘ಹೊತೊತೊಗಿಸು’ ಎಂಬ ಹೈಕು ಪತ್ರಿಕೆಗೆ ಬರೆದುದು ಒಂದು ಬಿಡಿ ಬರಹವನ್ನು ಮಾತ್ರ. ಓದಿದವರು ಮೆಚ್ಚಿದರು; ತಕಹಮ ಕ್ಯೋಶಿಯು ಮುಂದುವರಿಸೆಂದು ಪ್ರೇರಿಸಿದನು; 1906ನೆಯ ಆಗಸ್ಟಿನ ವೇಳೆಗೆ ಅದು ಹನ್ನೊಂದು ಅಧ್ಯಾಯಗಳಾಗಿ ಬೆಳೆಯಿತು. ಹೀಗೆ ಬೆಳೆದ ಗ್ರಂಥದಲ್ಲಿ ಪಂಚಸಂಧಿಗಳನ್ನು ಹುಡುಕುವವನಿಗೆ ನಿರಾಶೆಯೇ ಫಲ. ಕುಶಾಮಿಯೆಂಬ ಉಪಾಧ್ಯಾಯನ ಮನೆಗೆ ಮಿತ್ರರು ಬರುತ್ತಾರೆ, ಹರಟುತ್ತಾರೆ, ಹೋಗುತ್ತಾರೆ. ನಡುವಣ ಭಾಗದಲ್ಲಿ ಮಾತು ಬೇಸರ ತರುವಷ್ಟು ಲಂಬಿಸುವುದೂ ಉಂಟು. ತೋಸೊನ್, ಕತಾಯ್ ಮೊದಲಾದ ಯಥಾರ್ಥವಾದಿಗಳು ಬಾಳಿನ ಕಹಿಯನ್ನು ಇದ್ದಂತೆ ಬರೆಯತೊಡಗಿದ್ದ ಆ ಕಾಲದಲ್ಲಿ, ಅವರ ಪಂಥದವರಿಗೆ ಸೊಸೆಕಿಯದು ಬಿಡುವುಳ್ಳವರ ಸಾಹಿತ್ಯವಾಗಿ ಕಂಡಿತು.

ಆದರೆ ದೋಷನಿರ್ಣಯಕ್ಕೆ ಮುನ್ನ ಗ್ರಂಥದ ಜಾತಿಯನ್ನು ತಿಳಿಯಬೇಕು. ಈ ಸಾಹಿತ್ಯಪ್ರಕಾರಕ್ಕೆ ನಾವು ಯಾವ ಗ್ರಂಥದ ಹೆಸರನ್ನಿಟ್ಟಿದ್ದೇವೆಯೋ ಆ ಬಾಣನ ‘ಕಾದಂಬರಿ’ಯಲ್ಲಿಯೂ ಕಥೆ ಹೇಳುವುದು ಒಂದು ಗಿಳಿ. ಆದರೆ ಅದು ಕಥೆಯ ಬಹುಭಾಗವನ್ನು ಜಾಬಾಲಿಮುನಿಯಿಂದ ಕೇಳಿದಂತೆ ಒಪ್ಪಿಸುತ್ತದೆ. ಸೊಸೆಕಿಯ ಬೆಕ್ಕಾದರೋ ಮನುಷ್ಯರ ಮೇಲೆ ತೀರ್ಪು ಕೊಡಲೆಂದೇ ಕುಳಿತಿದೆ; ಅದರ ದರ್ಪವೇ ಬಿಡಿ ಪ್ರಸಂಗಗಳನ್ನು ಪೋಣಿಸಿದ ಸೂತ್ರ. ಆಗತಾನೆ ನಡೆದಿದ್ದ ರಷ್ಯಾ-ಜಪಾನ್ ಯುದ್ಧದ (1904–05) ಸೇನಾನಿಯಂತೆ ವ್ಯೂಹವನ್ನು ಚಿಂತಿಸಿ, ಕಡೆಗೆ ಇಲಿಗಳಿಗೇ ಸೋಲುವ ಪ್ರಸಂಗವೊಂದೇ ಇದಕ್ಕೆ ಸಾಕ್ಷಿ.

ಈ ದರ್ಪವೆಲ್ಲ ಗ್ರಂಥದ ಮೊದಲ ಪದದಲ್ಲಿಯೇ ಅಡಗಿದೆ. ಜಪಾನೀ ಭಾಷೆಯಲ್ಲಿ ಉತ್ತಮಪುರುಷ ಸರ್ವನಾಮಗಳು ಹಲವು. ಅವುಗಳಲ್ಲಿ ‘ವಾಗಹೈ’ ಎಂಬುದು ತನ್ನನ್ನು ದೊಡ್ಡವನೆಂದು ಭಾವಿಸಿದವನ ಮಾತು. ಹೆಸರೂ ಇಲ್ಲದ ಬೆಕ್ಕು ತನ್ನನ್ನು ಹಾಗೆ ಕರೆದುಕೊಳ್ಳುತ್ತದೆ. ಇಂಗ್ಲಿಷಿನ ‘ಐ’ ಎಂಬ ಒಂದೇ ಸರ್ವನಾಮದಲ್ಲಿ ಈ ಧ್ವನಿಯು ಲುಪ್ತವಾಗುತ್ತದೆ. ಆ ದಾರಿಯಿಂದ ಬಂದ ವಾಚಕನಿಗೆ ಹಾಸ್ಯವು ಸಪ್ಪೆಯೆನಿಸಿದರೆ ತಪ್ಪೆಲ್ಲ ಅವನದಲ್ಲ. ಅರಸರೂ ಮಠಾಧಿಪತಿಗಳೂ ತಮ್ಮನ್ನು ‘ನಾವು’ ಎಂದುಕೊಳ್ಳುವ ರೂಢಿ ನಮ್ಮಲ್ಲಿರುವುದರಿಂದ ಕನ್ನಡಿಗನಿಗೆ ಇದನ್ನು ವಿವರಿಸಬೇಕಾಗಿಲ್ಲ. ‘ನಾವು ಬೆಕ್ಕು’ ಎಂದು ಓದಿಕೊಂಡರೆ ಸಾಕು. ಅನೌಚಿತ್ಯವು ಹಾಸ್ಯಕ್ಕೆ ವಿಭಾವವೆಂಬ ಅಭಿನವಗುಪ್ತನ ಮಾತಿಗೆ ಇದಕ್ಕಿಂತ ಸುಲಭವಾದ ಉದಾಹರಣೆ ಬೇಕಿಲ್ಲ.

ಇನ್ನು ಮುಕ್ತಾಯ. ಅತಿಥಿಗಳು ಕುಡಿದು ಬಿಟ್ಟ ಬೀರನ್ನು ನೆಕ್ಕಿದ ಬೆಕ್ಕು ಅಮಲಿನಲ್ಲಿ ನೀರಿನ ಹಂಡೆಯೊಳಗೆ ಬೀಳುತ್ತದೆ. ಮೇಲೇರಲು ಹೆಣಗಿ, ಆಗದೆಂದು ತಿಳಿದು, ಹೆಣಗಾಟವನ್ನೇ ಬಿಟ್ಟು, ಅಮಿದ ಬುದ್ಧನ ನಾಮವನ್ನು ಸ್ಮರಿಸುತ್ತ ಮುಳುಗುತ್ತದೆ. ಇದು ಆಕಸ್ಮಿಕವೆಂದು ಆಕ್ಷೇಪಿಸುವವರುಂಟು. ನಮಗೆ ಹಾಗೆ ತೋರುವುದಿಲ್ಲ. ಅನ್ಯರ ಅಹಂಕಾರವನ್ನು ಅಷ್ಟು ಕಾಲ ನಕ್ಕ ಪ್ರಾಣಿ ತನ್ನ ಅಹಂಕಾರವನ್ನು ಕೆಳಗಿಡುವುದು ಇಲ್ಲಿಯೇ. ಹಾಸ್ಯವು ಶಾಂತದಲ್ಲಿ ಲೀನವಾಗುವುದೂ ಇಲ್ಲಿಯೇ. ‘ಕೊಕೊರೊ’ ಬರೆದ ಕೈಯನ್ನು ಅರಸುವವರು ಈ ಹಂಡೆಯ ಬಳಿ ನಿಲ್ಲಬೇಕು.

ಆದುದರಿಂದ ದೋಷವು ಬಂಧದಲ್ಲಿದೆ, ರಸದಲ್ಲಿಲ್ಲ. ತಿಂಗಳುಗಳ ಅಂತರದಲ್ಲಿ ಹುಟ್ಟಿದ ಅಧ್ಯಾಯಗಳನ್ನು ಎರಡು ದಿನಗಳಲ್ಲಿ ಮುಗಿಸಹೊರಟವನಿಗೆ ಆಯಾಸವಾಗದೆ ಇರದು. ಇದನ್ನು ಪಾಠಕ್ಕೆ ತೆಗೆದುಕೊಳ್ಳುವ ಉಪಾಧ್ಯಾಯರು ಮೊದಲ ಅಧ್ಯಾಯವನ್ನೂ ಕಡೆಯದನ್ನೂ ತರಗತಿಯಲ್ಲಿ ಓದಿ, ನಡುವಣ ಭಾಗವನ್ನು ವಿದ್ಯಾರ್ಥಿಗಳ ಬಿಡುವಿಗೆ ಬಿಡುವುದು ಲೇಸು.