ಮೂರ್ತಕಾವ್ಯದ ಸಂಗ್ರಹ ಮತ್ತು ಸೂಚೀಕರಣ

ಸೂಚಿ ಸಿದ್ಧಪಡಿಸುವ ಕೆಲಸವನ್ನು ವಿಮರ್ಶೆಯ ಹೊರಗಿನದೆಂದು ಭಾವಿಸುವ ರೂಢಿ ನಮ್ಮ ವಿದ್ವತ್ ವಲಯದಲ್ಲಿ ಬಲವಾಗಿದೆ. ಕೃತಿಯ ಹೆಸರು, ಕರ್ತೃ, ಕಾಲ, ಆದಿ, ಅಂತ್ಯ, ಅಳತೆ ಇಷ್ಟನ್ನು ದಾಖಲಿಸಿದರೆ ಸೂಚಿಕಾರನ ಹೊಣೆ ತೀರಿತು. ಉಳಿದದ್ದು ವಿಮರ್ಶಕನಿಗೆ ಸೇರಿದ್ದು ಎಂಬುದು ಇದರ ಹಿಂದಿನ ನಂಬಿಕೆ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಹುಟ್ಟಿದ ಮೂರ್ತಕಾವ್ಯದ ಮುಂದೆ ಈ ನಂಬಿಕೆ ನಿಲ್ಲುವುದಿಲ್ಲ.

ಸಾವೊ ಪೌಲೊ ನಗರದಲ್ಲಿ ಅಗುಸ್ತೊ ಮತ್ತು ಹರೋಲ್ದೊ ದ ಕಾಂಪೊಸ್ ಸಹೋದರರು ದೇಸಿಯೊ ಪಿನ್ಯಾತಾರಿಯವರೊಡನೆ 1952ರಲ್ಲಿ ‘ನೊಯ್ಗಾಂದ್ರೆಸ್’ ಗುಂಪನ್ನು ಕಟ್ಟಿದರು. ಮರುವರ್ಷ ಸ್ವಿಟ್ಜರ್ಲೆಂಡಿನಲ್ಲಿ ಓಯ್ಗನ್ ಗೊಮ್ರಿಂಗರ್ ತಮ್ಮ ಮೊದಲ ‘ನಕ್ಷತ್ರಪುಂಜ’ ಕವನಗಳನ್ನು ಪ್ರಕಟಿಸಿದರು. ಪದವು ಹಾಳೆಯ ಮೇಲೆ ಎಲ್ಲಿ ಕುಳಿತಿದೆ ಎಂಬುದೇ ಈ ಕವಿಗಳಿಗೆ ವಾಕ್ಯರಚನೆ. ಮೌನವನ್ನು ಕುರಿತ ಗೊಮ್ರಿಂಗರರ ಪ್ರಸಿದ್ಧ ಕವನದಲ್ಲಿ ಒಂದೇ ಪದ ಐದು ಸಾಲುಗಳಲ್ಲಿ 14 ಬಾರಿ ಬರುತ್ತದೆ; ಮೂರನೆಯ ಸಾಲಿನ ನಡುವಿನ ಪದದ ಜಾಗವನ್ನು ಖಾಲಿ ಬಿಡಲಾಗಿದೆ. ನಮ್ಮ ಹಸ್ತಪ್ರತಿ ಸೂಚಿಗಳ ಮಾದರಿಯನ್ನು ಇದಕ್ಕೆ ಅನ್ವಯಿಸಿದರೆ ಆದಿಯೂ ಅಂತ್ಯವೂ ಆ ಒಂದೇ ಪದವಾಗುತ್ತದೆ. ಕವನದ ಹುರುಳಿರುವ ಖಾಲಿ ಜಾಗಕ್ಕೆ ಸೂಚಿಯಲ್ಲಿ ಅಂಕಣವೇ ಇಲ್ಲ.

ವಿಷಯಶೀರ್ಷಿಕೆಯ ತೊಡಕೂ ಸಣ್ಣದಲ್ಲ. ಕಣ್ಣಿಗಾಗಿ ರಚಿತವಾದ ಈ ಕಾವ್ಯವನ್ನು ‘ದೃಶ್ಯಕಾವ್ಯ’ ಎಂದು ಕರೆದರೆ ಗ್ರಂಥಪಾಲಕರು ಅದನ್ನು ನಾಟಕಗಳ ಸಾಲಿಗೆ ಸೇರಿಸಿಯಾರು. ಆ ತಪ್ಪು ಅವರದಾಗಲಾರದು, ಏಕೆಂದರೆ ನಮ್ಮ ಮೀಮಾಂಸೆಯಲ್ಲಿ ಆ ಶಬ್ದಕ್ಕೆ ಅದೇ ಅರ್ಥ. ‘ಚಿತ್ರಕಾವ್ಯ’ ಎಂದರೆ ಆನಂದವರ್ಧನನ ತಿರಸ್ಕಾರವೂ ಜೊತೆಗೆ ಬರುತ್ತದೆ. ಆದಕಾರಣ ಇಲ್ಲಿ ‘ಚಾಕ್ಷುಷ ಕಾವ್ಯ’ ಎಂಬ, ಕಿವಿಗೆ ಅಷ್ಟೇನೂ ಹಿತವಲ್ಲದ ಶಬ್ದವನ್ನು ಒಪ್ಪಿಕೊಳ್ಳಬೇಕಾಗಿದೆ.

ಇಂಥ ಕಾವ್ಯದ ಅತಿ ದೊಡ್ಡ ಸಂಗ್ರಹಗಳಲ್ಲೊಂದನ್ನು ಕಟ್ಟಿದವರು ಸಾಹಿತ್ಯದ ಪ್ರಾಧ್ಯಾಪಕರಲ್ಲ. ಅಮೆರಿಕದ ಮಯಾಮಿಯ ಶ್ವಾಸಕೋಶತಜ್ಞ ಮಾರ್ವಿನ್ ಸ್ಯಾಕ್ನರ್ ಮತ್ತು ಅವರ ಪತ್ನಿ ರೂತ್ 1979ರಲ್ಲಿ ಇದನ್ನು ಸ್ಥಾಪಿಸಿದರು. ಪುಸ್ತಕ, ಬಿಡಿಹಾಳೆ, ಬೆರಳಚ್ಚು ಯಂತ್ರದ ಚಿತ್ರ, ಅಂಚೆ ಕಲೆ ಹೀಗೆ ಸುಮಾರು 75,000 ವಸ್ತುಗಳು ಅವರ ಮನೆಯಲ್ಲಿ ಸೇರಿದವು. ಗಣಕಯಂತ್ರದ ಸೂಚಿಯೂ ಮನೆಯಲ್ಲೇ ಬೆಳೆಯಿತು. ಈ ಹರವು ಅತಿಯಾಯಿತು, ಕಾವ್ಯವೆಂಬ ಶಬ್ದಕ್ಕೆ ಎಲ್ಲೆಯೇ ಉಳಿಯಲಿಲ್ಲ ಎಂಬ ಆಕ್ಷೇಪಕ್ಕೆ ಅವಕಾಶವಿದೆ. ಆದರೆ ಎಲ್ಲೆಯನ್ನು ಮೊದಲೇ ಗೀಚಿಕೊಂಡಿದ್ದರೆ ಈ ವಸ್ತುಗಳಲ್ಲಿ ಎಷ್ಟೋ ಕಸದ ಬುಟ್ಟಿಗೆ ಹೋಗುತ್ತಿದ್ದವು. ರೂತ್ 2015ರಲ್ಲಿ ತೀರಿಕೊಂಡರು. 2019ರಲ್ಲಿ ಸಂಗ್ರಹವು ಅಯೋವಾ ವಿಶ್ವವಿದ್ಯಾಲಯಕ್ಕೆ ಸೇರಿತು. ಮರುವರ್ಷ ಮಾರ್ವಿನ್ ಕೂಡ ತೀರಿಕೊಂಡರು.

ಸ್ಯಾಕ್ನರ್ ದಂಪತಿಗಳಿಗೆ ಪ್ರಿಯನಾಗಿದ್ದ ಇಂಗ್ಲಿಷ್ ಕಲಾವಿದ ಟಾಮ್ ಫಿಲಿಪ್ಸರ ಒಂದು ಕೃತಿಯನ್ನು ಇಲ್ಲಿ ಪರಿಶೀಲಿಸಬಹುದು. ಡಬ್ಲ್ಯು. ಎಚ್. ಮ್ಯಾಲಕ್ 1892ರಲ್ಲಿ ಪ್ರಕಟಿಸಿದ ಕಾದಂಬರಿಯೊಂದನ್ನು ಫಿಲಿಪ್ಸ್ 1966ರಲ್ಲಿ ಕೈಗೆತ್ತಿಕೊಂಡು, ಪುಟಪುಟದ ಮೇಲೂ ಬಣ್ಣ ಬಳಿದು, ಅಲ್ಲಲ್ಲಿ ಉಳಿಸಿದ ಪದಗಳಿಂದಲೇ ‘ಎ ಹ್ಯೂಮ್ಯುಮೆಂಟ್’ ಎಂಬ ಹೊಸ ಕೃತಿಯನ್ನು ರಚಿಸಿದರು. 2016ರ ಅಂತಿಮ ಆವೃತ್ತಿಯವರೆಗೂ ಪುಟಗಳನ್ನು ಬದಲಿಸುತ್ತಲೇ ಹೋದರು. ಇದರ ಕರ್ತೃ ಯಾರು? ಕಾಲ ಯಾವುದು? ಇಲ್ಲಿ ‘ಪರಿಷ್ಕೃತ ಆವೃತ್ತಿ’ ಎಂದು ನಮೂದಿಸಿ ಮುಂದೆ ಹೋದ ಸೂಚಿಕಾರ ಹೊಸ ಕವನಗಳನ್ನೇ ಮರೆಮಾಚಿದಂತಾಗುತ್ತದೆ.

ಈ ಚರ್ಚೆಗೂ ನಮ್ಮ ಪರಂಪರೆಗೂ ಕೊಂಡಿಯಾಗಿರುವುದು ಡಿಕ್ ಹಿಗಿನ್ಸರ ‘ಪ್ಯಾಟರ್ನ್ ಪೊಯಟ್ರಿ’ (1987). ಆಧುನಿಕ ಕಾಲಕ್ಕೆ ಹಿಂದಿನ ಆಕೃತಿಕವನಗಳನ್ನು ಹಲವು ಭಾಷೆಗಳಿಂದ ಪಟ್ಟಿಮಾಡಿದ ಈ ಗ್ರಂಥದಲ್ಲಿ ಸಂಸ್ಕೃತ ಚಿತ್ರಕಾವ್ಯವನ್ನು ಕುರಿತ ಕಲಾನಾಥ ಝಾ ಅವರ ಅನುಬಂಧವಿದೆ. ಮಾಘನ ‘ಶಿಶುಪಾಲವಧ’ದ 19ನೆಯ ಸರ್ಗದ ಕೊನೆಯ ಪದ್ಯವು ಚಕ್ರಬಂಧ. ಮೂರು ಪಾದಗಳು ಚಕ್ರದ ಗುಂಬವನ್ನು ಹಾಯ್ದುಹೋಗುವುದರಿಂದ ಅಲ್ಲಿ ಒಮ್ಮೆ ಬರೆದ ಅಕ್ಷರವನ್ನು ಮೂರು ಸಲ ಓದಬೇಕು. ಕವಿಯ ಹೆಸರೂ ಕಾವ್ಯದ ಹೆಸರೂ ಒಳಬಳೆಗಳಲ್ಲಿ ಅಡಗಿವೆ. ಪದ್ಯವನ್ನು ನಾಲ್ಕು ಸಾಲಾಗಿ ಮಾತ್ರ ನಕಲು ಮಾಡಿಕೊಂಡವನಿಗೆ, ಅವನು ಹುಡುಕುವ ಕರ್ತೃನಾಮವೇ ಕಾಣುವುದಿಲ್ಲ.

ಕವಿರಾಜಮಾರ್ಗವು ತನ್ನ ಎರಡನೆಯ ಪರಿಚ್ಛೇದದಲ್ಲಿ ಇಂಥ ದುಷ್ಕರ ಬಂಧಗಳಿಗೂ ಜಾಗ ಕೊಟ್ಟಿದೆ. ಹಾಗಿದ್ದೂ ಕನ್ನಡದ ಓಲೆಗರಿ, ಕಾಗದದ ಪ್ರತಿಗಳಲ್ಲಿ ಬಂಧಗಳ ರೇಖಾಕೃತಿ ಎಲ್ಲೆಲ್ಲಿ ಉಳಿದಿದೆ ಎಂಬುದನ್ನು ಆದಿ-ಅಂತ್ಯಗಳನ್ನು ಮಾತ್ರ ಕೊಡುವ ಸೂಚಿಯಿಂದ ತಿಳಿಯುವಂತಿಲ್ಲ. ಗರಿ ಮುರಿದು ಹೋದರೆ ಪದ್ಯ ಬೇರೆ ಪ್ರತಿಯಲ್ಲಿ ಸಿಕ್ಕೀತು. ಲಿಪಿಕಾರನು ಎಳೆದ ಆಕೃತಿ ಸಿಕ್ಕದು. ಮುದ್ರಿತ ಪುಸ್ತಕದಲ್ಲಿ ಕಾಣುವ ಬಂಧಚಿತ್ರ ಪ್ರತಿಯಲ್ಲಿದ್ದುದೋ ಸಂಪಾದಕರು ಲಕ್ಷಣವನ್ನು ಅನುಸರಿಸಿ ಬರೆಸಿದ್ದೋ ಎಂಬ ಪ್ರಶ್ನೆಗೂ ಆಗ ಉತ್ತರ ದೊರೆಯುವುದಿಲ್ಲ. ಮುಂದಿನ ಸೂಚಿಗಳು ಆಕೃತಿಯ ಇರವು, ಅದು ಯಾರ ಕೈಯದು, ಬರೆದ ಅಕ್ಷರಗಳೆಷ್ಟು, ಓದುವ ಅಕ್ಷರಗಳೆಷ್ಟು, ಓದು ಎಲ್ಲಿಂದ ತೊಡಗುತ್ತದೆ ಎಂಬಿಷ್ಟನ್ನಾದರೂ ನಮೂದಿಸಬೇಕು. ಡಿಜಿಟಲ್ ಛಾಯಾಚಿತ್ರವಿರುವಾಗ ಇದೆಲ್ಲ ಏತಕ್ಕೆ ಎನ್ನುವವರಿದ್ದಾರೆ. ಯಾವ ಗರಿಯ ಛಾಯಾಚಿತ್ರವನ್ನು ತೆರೆದು ನೋಡಬೇಕೆಂದು ಸಂಶೋಧಕನಿಗೆ ಹೇಳಬೇಕಾದದ್ದು ಸೂಚಿಯೇ.