ಎಲೆಗಿಂತ ಮೊದಲು ಹೂ
ಅಜ್ಜಂಪುರದ ಸೀಮೆಯಲ್ಲಿ ಗೆಡ್ಡೆಯೆಂದರೆ ಹೊಲದ ಈರುಳ್ಳಿಯೇ ಮೊದಲು ನೆನಪಾಗುವುದಾದರೂ, ಅಮೃತಮಹಲ್ ಕಾವಲುಗಳಂಥ ಒಣ ಹುಲ್ಲುನೆಲಕ್ಕೆ ಒಗ್ಗಿದ ಕಾಡು ಈರುಳ್ಳಿ, ಅಂದರೆ ಸಸ್ಯಶಾಸ್ತ್ರಜ್ಞರ ಡ್ರಿಮಿಯಾ ಇಂಡಿಕಾ, ಹೂದೋಟದವರ ಗಮನಕ್ಕೆ ಹೆಚ್ಚು ಅರ್ಹವಾದ ಸಸ್ಯ. ಮೆಡಿಟರೇನಿಯನ್ ತೀರದ ಇದರ ದಾಯಾದಿ ಡ್ರಿಮಿಯಾ ಮರಿಟಿಮಾ ಬಿರುಬೇಸಿಗೆಯನ್ನು ನೆಲದಡಿ ಕಳೆದು ಶರತ್ಕಾಲದಲ್ಲಿ ಎಲೆಯಿಲ್ಲದೆ ಬಿಳಿ ಹೂ ತಳೆದರೆ, ಇಲ್ಲಿಯದು ಮುಂಗಾರಿಗೆ ಮುನ್ನವೇ ಬರಿನೆಲದಿಂದ ನೀಳ ಹೂದಂಡನ್ನೆತ್ತಿ, ಕಂದು ಛಾಯೆಯ ಗಂಟೆಹೂಗಳನ್ನು ಎಳೆಯಂಥ ತೊಟ್ಟುಗಳಲ್ಲಿ ಇಳಿಬಿಡುತ್ತದೆ. ಎಲೆ ಬರುವುದು ಅನಂತರ. ಈರುಳ್ಳಿಯ ಎಲೆ ಟೊಳ್ಳು, ಹೂಗೊಂಚಲು ಚೆಂಡಿನಾಕಾರ. ಕಾಡು ಈರುಳ್ಳಿಯ ಎಲೆ ಚಪ್ಪಟೆ, ಹೂಗಳು ದಂಡಿನುದ್ದಕ್ಕೂ ಬಿಡಿಬಿಡಿ, ಈರುಳ್ಳಿಯ ಘಾಟು ಇಲ್ಲವೇ ಇಲ್ಲ. ಹೃದಯದ ಬಡಿತವನ್ನೇ ಕೆಡಿಸಬಲ್ಲ ಗ್ಲೈಕೊಸೈಡ್ ಎಂಬ ವಿಷವಸ್ತು ಗೆಡ್ಡೆಯಲ್ಲಿರುವುದರಿಂದ ಈ ಗುರುತು ಅಡುಗೆಮನೆಗೂ ಮುಖ್ಯ. ಕುಂಡದಲ್ಲಿ ಬೆಳೆಸುವವರು ಮರಳು ಬೆರೆತ ಮಣ್ಣಿನಲ್ಲಿ ಗೆಡ್ಡೆಯ ಕುತ್ತಿಗೆ ಕಾಣುವಂತೆ ನೆಟ್ಟು, ಎಲೆ ಒಣಗಿದೊಡನೆ ನೀರು ನಿಲ್ಲಿಸಬೇಕು. ಸುಪ್ತಾವಸ್ಥೆಯಲ್ಲಿ ಅಕ್ಕರೆಯಿಂದ ಹಾಕಿದ ನೀರಿಗೇ ಗೆಡ್ಡೆ ಕೊಳೆಯುತ್ತದೆ.