ಖಾತೆ ಯಾರ ಹೆಸರಲ್ಲಿದೆ?

ಕಂಪ್ಯೂಟರ್ ಮುಂದೆ ಕೂತ ನಮ್ಮವರ ಬಲಗೈಯನ್ನು ಒಮ್ಮೆ ಗಮನಿಸಿ. ಯಂತ್ರ ಆನ್ ಆಗಿ ಡೆಸ್ಕ್‌ಟಾಪ್ ಕಾಣಿಸಿದ ಕೂಡಲೇ ಮೌಸಿನ ಬಲಗುಂಡಿ ಒತ್ತುತ್ತಾರೆ, ಮೆನುವಿನಲ್ಲಿ 'ರಿಫ್ರೆಶ್' ಆರಿಸುತ್ತಾರೆ. ಮತ್ತೊಮ್ಮೆ, ಇನ್ನೊಮ್ಮೆ. ಬ್ಯಾಂಕಿನ ಗುಮಾಸ್ತರು, ಸೈಬರ್ ಸೆಂಟರಿನ ಹುಡುಗರು, ಕಾಲೇಜಿನ ಮೇಷ್ಟ್ರು, ಎಲ್ಲರಿಗೂ ಇದು ರೂಢಿ. ಯಾಕೆ ಅಂತ ಕೇಳಿದರೆ 'ಸ್ಪೀಡ್ ಆಗುತ್ತೆ' ಅನ್ನುತ್ತಾರೆ. ಆಗುವುದಿಲ್ಲ. ಡೆಸ್ಕ್‌ಟಾಪ್ ಅನ್ನುವುದೂ ಒಂದು ಫೋಲ್ಡರೇ. ಅದರಲ್ಲಿ ಏನೇನಿದೆ ಎಂದು ಮತ್ತೆ ಓದಿ ಐಕಾನುಗಳನ್ನು ಮತ್ತೆ ತೋರಿಸುವುದಷ್ಟೇ ರಿಫ್ರೆಶ್ ಮಾಡುವ ಕೆಲಸ. ಅದರಿಂದ ಮೆಮೊರಿ ಖಾಲಿಯಾಗುವುದಿಲ್ಲ, ಪ್ರೊಸೆಸರಿನ ಹೊರೆ ಇಳಿಯುವುದಿಲ್ಲ. ಹೊಸದಾಗಿ ಉಳಿಸಿದ ಫೈಲ್ ಪರದೆಯ ಮೇಲೆ ಕಾಣದಿದ್ದಾಗ ಮಾತ್ರ ಅದರ ಉಪಯೋಗ.

ಈ ಕೈಚಳಕವನ್ನು ಕಲಿಸಿದ್ದು 'ಹೊಸಬರಿಗೆ ಕಂಪ್ಯೂಟರ್ ಟಿಪ್ಸ್' ಎಂಬ ಪ್ರಕಾರ. ಮೊದಲು ಬಸ್ ನಿಲ್ದಾಣದ ಪುಸ್ತಕದಂಗಡಿಯ ಕೈಪಿಡಿಯಾಗಿ ಬಂತು, ಆಮೇಲೆ ಪತ್ರಿಕೆಯ ವಾರದ ಅಂಕಣವಾಯಿತು, ಈಗ ಐದು ನಿಮಿಷದ ವಿಡಿಯೊ ಆಗಿದೆ. ಕಂಪ್ಯೂಟರನ್ನು ಜನಸಾಮಾನ್ಯರ ಮನೆಗೆ ಮುಟ್ಟಿಸಿದ ಕೀರ್ತಿಯನ್ನು ಇದಕ್ಕೆ ಕೊಡುವುದು ವಾಡಿಕೆ. ನಾನು ಒಪ್ಪುವುದಿಲ್ಲ. ಎಲ್ಲಿ ಒತ್ತಬೇಕು ಎಂಬುದನ್ನು ಅದು ಹೇಳಿಕೊಟ್ಟಿತು. ಒತ್ತಿದರೆ ಏನಾಗುತ್ತದೆ, ಆದಮೇಲೆ ನಮ್ಮ ಸಾಮಾನು ಎಲ್ಲಿರುತ್ತದೆ, ಯಾರ ಕೈಯಲ್ಲಿರುತ್ತದೆ ಎಂಬುದನ್ನು ಹೇಳಲೇ ಇಲ್ಲ. ವಿಂಡೋಸಿನ ಸೆಟ್ಟಿಂಗುಗಳ ದಾಖಲೆಯನ್ನು 'ಶುಚಿ' ಮಾಡುವ ರಿಜಿಸ್ಟ್ರಿ ಕ್ಲೀನರ್ ಹಾಕಿಕೊಳ್ಳಿ ಎಂಬ ಸಲಹೆ ವರ್ಷಗಟ್ಟಲೆ ಅಚ್ಚಾಯಿತು. ಅಂಥ ತಂತ್ರಾಂಶಗಳನ್ನು ಬಳಸುವುದಕ್ಕೆ ತನ್ನ ಬೆಂಬಲವಿಲ್ಲ ಎಂದು ವಿಂಡೋಸ್ ತಯಾರಿಸಿದ ಮೈಕ್ರೋಸಾಫ್ಟೇ ಹೇಳಿದೆ.

ಇದೇ ಕಾಲದಲ್ಲಿ ಒಂದೇ ಒಂದು ಒಳ್ಳೆಯ ಪಾಠ ಹುಟ್ಟಿತು. ಯಾವ ಕೈಪಿಡಿಯ ಲೇಖಕರಿಂದಲೂ ಅಲ್ಲ, ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಯಂತ್ರ ಅಸೆಂಬಲ್ ಮಾಡಿಕೊಡುತ್ತಿದ್ದ ಹುಡುಗರಿಂದ. ಎ ಮತ್ತು ಬಿ ಅಕ್ಷರಗಳು ಫ್ಲಾಪಿಗೆ ಮೀಸಲಾಗಿದ್ದರಿಂದ ಹಾರ್ಡ್ ಡಿಸ್ಕಿನ ಲೆಕ್ಕ ಸಿ ಇಂದ ಶುರುವಾಗುತ್ತಿತ್ತು. ಆ ಹುಡುಗರು ಇದ್ದ ಒಂದೇ ಡಿಸ್ಕನ್ನು ಸಿ, ಡಿ, ಇ ಎಂದು ಪಾಲು ಮಾಡಿ, 'ಸಾರ್, ಸಿ ಯಲ್ಲಿ ಏನೂ ಇಡಬೇಡಿ, ನಿಮ್ಮದೆಲ್ಲ ಡಿ ಯಲ್ಲಿರಲಿ. ನಾಳೆ ಫಾರ್ಮ್ಯಾಟ್ ಹೊಡೆದರೂ ಫೋಟೊ ಹೋಗಲ್ಲ' ಎಂದು ಹೇಳಿ ಕಳಿಸುತ್ತಿದ್ದರು. ಡಿಸ್ಕೇ ಕೆಟ್ಟರೆ ಎರಡೂ ಹೋಗುತ್ತವೆ, ನಿಜ. ಆದರೂ ಯಂತ್ರ ನಡೆಸುವ ಓಎಸ್ ಬೇರೆ, ನನ್ನ ಬರಹ-ಫೋಟೊ ಬೇರೆ, ಒಂದನ್ನು ಕಿತ್ತುಹಾಕಿದರೂ ಇನ್ನೊಂದು ಉಳಿಯಬೇಕು ಎಂಬ ಮೂಲಭೂತ ತಿಳಿವಳಿಕೆ ಆ ಎರಡು ವಾಕ್ಯದಲ್ಲಿತ್ತು. ನಮ್ಮ ತಂತ್ರಜ್ಞಾನ ಬರಹಗಳ ಚರ್ಚೆಯಲ್ಲಿ ಆ ಹುಡುಗರ ಮಾತು ಎಂದೂ ಬಂದಿಲ್ಲ. ಬರಬೇಕಿತ್ತು.

ಈಗ ಹೊಸ ಲ್ಯಾಪ್‌ಟಾಪಿಗೆ ಬರೋಣ. 2021ರಲ್ಲಿ ಬಂದ ವಿಂಡೋಸ್ 11 ಮೊದಲ ಸಲ ಆನ್ ಆದಾಗ ಒಂದಾದ ಮೇಲೊಂದು ಪರದೆ ತೋರಿಸುತ್ತದೆ. ದೇಶ ಯಾವುದು, ಕೀಬೋರ್ಡ್ ಯಾವುದು, ಎರಡನೆಯ ಕೀಬೋರ್ಡ್ ಬೇಕೆ, ವೈಫೈ ಯಾವುದು, ಯಂತ್ರಕ್ಕೆ ಏನು ಹೆಸರು, ಖಾತೆ, ಪಿನ್, ಖಾಸಗಿತನದ ಆಯ್ಕೆಗಳು. ಟಿಪ್ಸ್ ವಿಡಿಯೊಗಳು ಈ ಭಾಗವನ್ನು ದಾಟುವ ವೇಗ ನೋಡಿ: 'ನೆಕ್ಸ್ಟ್ ಕೊಡಿ, ನೆಕ್ಸ್ಟ್ ಕೊಡಿ, ಸ್ಕಿಪ್ ಮಾಡಿ, ಅಕ್ಸೆಪ್ಟ್ ಕೊಡಿ.' ಎರಡನೆಯ ಕೀಬೋರ್ಡಿನ ಪರದೆ ಕನ್ನಡ ಬರೆಯುವವರು ನಿಲ್ಲಬೇಕಾದ ಜಾಗ. ಅಲ್ಲಿ ಸ್ಕಿಪ್ ಮಾಡಿಸಿದವರೇ ಮುಂದಿನ ವಾರ 'ಕನ್ನಡ ಟೈಪ್ ಮಾಡುವುದು ಹೇಗೆ' ಎಂದು ಇನ್ನೊಂದು ವಿಡಿಯೊ ಮಾಡುತ್ತಾರೆ. ಕನ್ನಡ ಟೈಪಿಂಗ್ ವಿಷಯದಲ್ಲಿ ಈ ಪ್ರಕಾರದಿಂದ ಒಳ್ಳೆಯದೂ ಆಗಿದೆ ಎಂದು ಹೇಳಲೇಬೇಕು. ಕೆ.ಪಿ. ರಾವ್ ರೂಪಿಸಿದ ಕೀಬೋರ್ಡ್ ವಿನ್ಯಾಸವನ್ನೂ ನುಡಿ, ಬರಹ ತಂತ್ರಾಂಶಗಳನ್ನೂ ಊರೂರಿಗೆ ಪರಿಚಯಿಸಿದ್ದರಲ್ಲಿ ಕೈಪಿಡಿಗಳ ಪಾಲಿದೆ. 2019ರಿಂದ ವಿಂಡೋಸ್‌ನಲ್ಲೇ ಕನ್ನಡದ ಫೊನೆಟಿಕ್ ಕೀಬೋರ್ಡ್ ಇದೆ, ವಿಂಡೋಸ್ ಗುಂಡಿಯ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ ಎಂದು ಸರಿಯಾಗಿ ತಿಳಿಸಿದವರೂ ಇದ್ದಾರೆ.

ಆದರೆ ನಿಜವಾದ ಪ್ರಶ್ನೆ ಖಾತೆಯ ಪರದೆಯದು. ವಿಂಡೋಸ್ 11ರ ಹೋಮ್ ಆವೃತ್ತಿ ಶುರುವಿನಿಂದಲೂ ಇಂಟರ್ನೆಟ್ ಸಂಪರ್ಕ ಮತ್ತು ಮೈಕ್ರೋಸಾಫ್ಟ್ ಖಾತೆ ಎರಡನ್ನೂ ಕೇಳುತ್ತದೆ. ಅದನ್ನು ತಪ್ಪಿಸುವ ಒಂದು ಒಳದಾರಿಯನ್ನು 2025ರಲ್ಲಿ ಪರೀಕ್ಷಾ ಆವೃತ್ತಿಗಳಿಂದ ತೆಗೆದುಹಾಕಿದರು. ಇಂಥ ಒಳದಾರಿಗಳನ್ನು ತೋರಿಸುವ ಟಿಪ್ಸ್ ಬೇಕಾದಷ್ಟು ಸಿಗುತ್ತವೆ. ಖಾತೆ ಕೊಟ್ಟರೆ ಯಂತ್ರದೊಳಗೆ ಏನು ಬದಲಾಗುತ್ತದೆ ಎಂದು ಹೇಳುವುದು ಮಾತ್ರ ಸಿಗುವುದಿಲ್ಲ. ಎರಡು ಬದಲಾವಣೆ ಆಗುತ್ತವೆ. ಒಂದು, ಮೈಕ್ರೋಸಾಫ್ಟಿನ ಆನ್‌ಲೈನ್ ಉಗ್ರಾಣವಾದ ಒನ್‌ಡ್ರೈವ್‌ನ ಬ್ಯಾಕಪ್ ಚಾಲೂ ಆದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳು ಒನ್‌ಡ್ರೈವ್ ಫೋಲ್ಡರಿನೊಳಗೆ ಹೋಗುತ್ತವೆ. ಅಲ್ಲಿ ಪುಕ್ಕಟೆ ಸಿಗುವ ಜಾಗ 5 ಜಿಬಿ. ಫೋನಿನ ಫೋಟೊ ತುಂಬಿದರೆ ತಿಂಗಳಲ್ಲಿ ಮುಗಿಯುತ್ತದೆ.

ಎರಡನೆಯದು ಇನ್ನೂ ದೊಡ್ಡದು. ಖಾತೆ ಹಾಕಿ ಒಳಗೆ ಹೋದಾಗ ಹೊಸ ಯಂತ್ರಗಳಲ್ಲಿ ಡಿಸ್ಕಿಗೆ ತಾನಾಗಿಯೇ ಬೀಗ ಬೀಳುತ್ತದೆ. ಇದಕ್ಕೆ ಡಿವೈಸ್ ಎನ್‌ಕ್ರಿಪ್ಷನ್ ಎಂದು ಹೆಸರು. ಕಳ್ಳ ಲ್ಯಾಪ್‌ಟಾಪ್ ಹೊತ್ತೊಯ್ದು ಡಿಸ್ಕ್ ಬಿಚ್ಚಿದರೂ ಏನೂ ಓದಲಾರ. ಇದು ಒಳ್ಳೆಯ ಏರ್ಪಾಡು, ಬೇಡ ಎನ್ನುವವನು ನಾನಲ್ಲ. ದಿನನಿತ್ಯ ಆ ಬೀಗವನ್ನು ಯಂತ್ರದೊಳಗಿನ ಟಿಪಿಎಂ ಎಂಬ ಚಿಪ್ ಸದ್ದಿಲ್ಲದೆ ತೆಗೆದುಕೊಡುತ್ತದೆ, ಹಾಗಾಗಿ ಬೀಗ ಇರುವುದೇ ನಮಗೆ ಗೊತ್ತಾಗುವುದಿಲ್ಲ. ಮದರ್‌ಬೋರ್ಡ್ ಬದಲಾಯಿಸಿದರೆ ಹೊಸ ಚಿಪ್‌ಗೆ ಹಳೆಯ ಬೀಗ ಗೊತ್ತಿರುವುದಿಲ್ಲ. ಆಗ ನೀಲಿ ಪರದೆ ಬಂದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ: ಆರಾರು ಅಂಕಿಯ ಎಂಟು ಗುಂಪು. ಅದು ಇರುವುದು ಯಂತ್ರದಲ್ಲಿ ಅಲ್ಲ, ಮೊದಲ ದಿನ ಹಾಕಿದ ಖಾತೆಯಲ್ಲಿ. ಆ ಖಾತೆ ಕೈಗೆ ಸಿಗದಿದ್ದರೆ ಡಿಸ್ಕಿನಲ್ಲಿದ್ದದ್ದನ್ನು ಯಾವ ರಿಪೇರಿಯವರೂ ತೆಗೆದುಕೊಡಲಾರರು.

ನನ್ನ ಅಕ್ಕ ನಿವೃತ್ತ ಶಿಕ್ಷಕಿ. ಹಳ್ಳಿಗಳಲ್ಲಿ ಸುತ್ತಿ ಬರೆದುಕೊಂಡ ಹಸೆಹಾಡುಗಳನ್ನು, ಶೋಭಾನೆ ಪದಗಳನ್ನು ಎರಡು ವರ್ಷ ಕೂತು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದ್ದಳು. ಊರಿನ ಒಂದು ಅಂಗಡಿಯವರು ಸೆಟಪ್ ಮಾಡಿಕೊಡುವಾಗ ಅಲ್ಲೇ ನಿಂತು ಒಂದು ಇಮೇಲ್ ಸೃಷ್ಟಿಸಿ, ತಮ್ಮದೇ ಫೋನ್ ನಂಬರ್ ಕೊಟ್ಟು, 1234 ಎಂದು ಪಿನ್ ಹಾಕಿ ಕೊಟ್ಟಿದ್ದರು. ಪಿನ್ ಅವಳಿಗೆ ನೆನಪಿತ್ತು. ಇಮೇಲ್ ಒಂದು ಇದೆ ಎಂಬುದೇ ಗೊತ್ತಿರಲಿಲ್ಲ. ಮದರ್‌ಬೋರ್ಡ್ ಸುಟ್ಟು ಹೊಸದು ಹಾಕಿಸಿದ ದಿನ 48 ಅಂಕಿ ಕೇಳಿತು. ಅಂಗಡಿ ಅಷ್ಟರಲ್ಲಿ ಮುಚ್ಚಿತ್ತು. ಅವಳ ಮೇಜಿನ ಮೇಲೆ ಟಿಪ್ಸ್ ಪುಸ್ತಕವೊಂದಿತ್ತು. ಅದರಲ್ಲಿ ಹೇಳಿದ್ದನ್ನೆಲ್ಲ ತಪ್ಪದೆ ಮಾಡಿದ್ದಳು: ರಿಫ್ರೆಶ್, ಡಿಸ್ಕ್ ಕ್ಲೀನಪ್, ವಾರಕ್ಕೊಮ್ಮೆ ಟೆಂಪ್ ಫೈಲ್ ಅಳಿಸುವುದು. ಪುಟ ಪುಟ ತಿರುಗಿಸಿ ನೋಡಿದೆ, ಖಾತೆ ಯಾರ ಹೆಸರಿನಲ್ಲಿ ಮಾಡಿಸಬೇಕು ಎಂಬ ಒಂದು ಸಾಲು ಇರಲಿಲ್ಲ. ಹಾಡಿಕೊಟ್ಟ ಅಜ್ಜಿಯರಲ್ಲಿ ಇಬ್ಬರು ಈಗ ಇಲ್ಲ.

ಇದನ್ನು ಹೇಳಿದಾಗಲೆಲ್ಲ ಎದುರಾಗುವ ವಾದಗಳಿವೆ. ತೊಡಕು ಭಾಷೆಯದು, ಕೈಪಿಡಿಗಳನ್ನು ಇಂಗ್ಲಿಷ್ ಪದಗಳಿಲ್ಲದ ಕನ್ನಡದಲ್ಲಿ ಬರೆದರೆ ಸರಿಹೋಗುತ್ತದೆ ಎನ್ನುತ್ತಾರೆ ಕೆಲವು ವಿಮರ್ಶಕರು. 'ಕಡತ' ಒಳ್ಳೆಯ ಪದ, ತಾಲ್ಲೂಕು ಕಚೇರಿ ಹತ್ತಿದವರಿಗೆಲ್ಲ ಗೊತ್ತು. 'ತಂತ್ರಾಂಶ' ಬೇರೂರಿದೆ. ಆದರೆ ಎನ್‌ಕ್ರಿಪ್ಷನ್ ಜಾಗದಲ್ಲಿ 'ಗೂಢಲಿಪೀಕರಣ' ಬರೆದು ಮುಂದಿನ ಪ್ಯಾರಾಕ್ಕೆ ಹೋದರೆ ನನ್ನ ಅಕ್ಕನಿಗೆ ಏನು ತಿಳಿಯಿತು? 'ನಿಮ್ಮ ಪೆಟ್ಟಿಗೆಗೆ ಬೀಗ ಬಿದ್ದಿದೆ, ಬೀಗದ ಕೈ ಬೇರೆ ಊರಿನಲ್ಲಿದೆ' ಎಂದು ಬರೆಯಲು ಹೊಸ ಪದವೇ ಬೇಕಾಗಿಲ್ಲ.

ಎರಡನೆಯ ವಾದ, ವಿಂಡೋಸನ್ನೇ ಬಿಟ್ಟು ಲಿನಕ್ಸ್ ಎಂಬ ಬೇರೆ ಓಎಸ್‌ಗೆ ಬನ್ನಿ ಎನ್ನುವವರದು. ಈ ಲಿನಕ್ಸ್ ಪಕ್ಷದವರ ಮೇಲೆ ನನಗೆ ಪ್ರೀತಿ ಇದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಾಗ, ಟಿಪಿಎಂ 2.0 ಇಲ್ಲದ ಕಾರಣಕ್ಕೆ ವಿಂಡೋಸ್ 11ರ ಅರ್ಹತೆ ಸಿಗದ ಗಟ್ಟಿಮುಟ್ಟಾದ ಯಂತ್ರಗಳಿಗೆ ಉಬುಂಟು, ಲಿನಕ್ಸ್ ಮಿಂಟ್ ಎಂಬ ಲಿನಕ್ಸ್ ಬಗೆಗಳು ದಾರಿಯಾದವು. ಪೆನ್ ಡ್ರೈವ್‌ನಿಂದಲೇ ನಡೆಸಿ ನೋಡಬಹುದು, ಡಿಸ್ಕ್ ಮುಟ್ಟುವುದಿಲ್ಲ. ಹೆಸರು, ಪಾಸ್‌ವರ್ಡ್ ಕೇಳಿ ಖಾತೆಯನ್ನು ಯಂತ್ರದೊಳಗೇ ಮಾಡಿಕೊಡುತ್ತವೆ. ಆದರೆ ಇವರ ಟಿಪ್ಸ್ ಓದಿ: 'ಟರ್ಮಿನಲ್ ತೆರೆಯಿರಿ, ಈ ಸಾಲನ್ನು ಪೇಸ್ಟ್ ಮಾಡಿ, ಎಂಟರ್ ಒತ್ತಿ.' ಸಾಲಿನ ಮೊದಲಲ್ಲಿರುವ 'ಸುಡೊ' ಇಡೀ ಯಂತ್ರದ ಯಜಮಾನಿಕೆ ಕೊಡುತ್ತದೆ ಎಂದು ಹೇಳುವುದಿಲ್ಲ. ಇನ್‌ಸ್ಟಾಲ್ ಮಾಡುವಾಗ ಬರುವ 'ಎರೇಸ್ ಡಿಸ್ಕ್' ಎಂಬ ಆಯ್ಕೆ ಡಿ ಡ್ರೈವ್‌ನ ಮದುವೆ ಫೋಟೊಗಳನ್ನೂ ಅಳಿಸುತ್ತದೆ ಎಂದು ದಪ್ಪಕ್ಷರದಲ್ಲಿ ಬರೆದದ್ದನ್ನು ನಾನು ಕಂಡದ್ದು ಕಡಿಮೆ. ಓಎಸ್ ಬದಲಾದರೂ ಕಲಿಸುವ ರೀತಿ ಅದೇ ರಿಫ್ರೆಶ್ ರೀತಿ.

ನನಗೆ ಸಿಟ್ಟು ತರಿಸುವುದು ಮೂರನೆಯ ವಾದ: 'ಹೊಸಬರಿಗೆ ಇಷ್ಟೆಲ್ಲ ಯಾಕೆ, ಹೆದರಿಬಿಡುತ್ತಾರೆ.' ಯಾರು ಈ ಹೊಸಬರು? ಪಹಣಿಯಲ್ಲಿ ಹೆಸರು ತಪ್ಪಿದ್ದರೆ ಎಷ್ಟು ಸಲ ನಾಡಕಚೇರಿಗೆ ಅಲೆಯಬೇಕು ಎಂದು ಬಲ್ಲವರು. ಸೈಟು ಕೊಳ್ಳುವ ಮೊದಲು 'ಖಾತೆ ಯಾರ ಹೆಸರಲ್ಲಿದೆ' ಎಂದು ಕೇಳುವವರು. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸಿಕೊಂಡವರು. ಕರ್ನಾಟಕದ ಯಾವ ಮನೆಯಲ್ಲಿ ಆ ಪ್ರಶ್ನೆ ಅರ್ಥವಾಗುವುದಿಲ್ಲ? ಲ್ಯಾಪ್‌ಟಾಪಿನ ಖಾತೆಯೂ ಇಂಥದೇ ಪ್ರಶ್ನೆ ಎಂದು ಒಮ್ಮೆ ಹೇಳಿದರೆ ಸಾಕು, ಮುಂದಿನದನ್ನು ಅವರೇ ಕೇಳಿ ತಿಳಿಯುತ್ತಾರೆ. ಹೆದರುತ್ತಾರೆ ಎಂಬುದು ಬರೆಯುವವರ ಸೋಮಾರಿತನಕ್ಕೆ ಸಿಕ್ಕ ನೆಪ.

ನಿಮ್ಮ ಮನೆಯಲ್ಲಿ ವಿಂಡೋಸ್ 11 ಇದ್ದರೆ ಇವತ್ತೇ ಸೆಟ್ಟಿಂಗ್ಸ್ ತೆರೆದು, ಅಕೌಂಟ್ಸ್ ಭಾಗದಲ್ಲಿ ಯಾವ ಇಮೇಲ್ ಇದೆ ನೋಡಿ. ಅದು ನಿಮ್ಮದಲ್ಲದಿದ್ದರೆ, ಯಂತ್ರ ಚೆನ್ನಾಗಿರುವಾಗಲೇ ಫೈಲುಗಳನ್ನೆಲ್ಲ ಒಂದು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ, ಆಮೇಲೆ ಖಾತೆ ಬದಲಾಯಿಸಿಕೊಳ್ಳಿ. ನಿಮ್ಮದೇ ಆಗಿದ್ದರೆ ಆ ಖಾತೆಯ ಪುಟಕ್ಕೆ ಹೋಗಿ 48 ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು, ಮನೆಪತ್ರ ಇಡುವ ಕಡೆ ಇಡಿ. ಅಂಗಡಿಯಲ್ಲಿ ಹೊಸ ಯಂತ್ರ ಕೊಳ್ಳುವವರು ಸೆಟಪ್ ಆಗುವಾಗ ಪಕ್ಕದಲ್ಲೇ ನಿಂತು, ನಿಮ್ಮ ಇಮೇಲನ್ನು ನಿಮ್ಮ ಕೈಯಾರೆ ಟೈಪ್ ಮಾಡಿ.